ಹನ್ನೊಂದು ಮಕ್ಕಳ ಕಾಕಾ

ಟಿಕೋಟಾದ ಮಶಾಕಸಾಬನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇರುವವಳು ಒಬ್ಬಳೇ ತಂಗಿ ಅಬೇದಾ, ಅವಳನ್ನು ಬಬಲೇಶ್ವರಕ್ಕೆ ಕೊಟ್ಟು ಮೂವತ್ತು ವರ್ಷವಾಯಿತು. ಹೀಗಿದ್ದೂ ಸಮುದ್ರದ ದಂಡೆಯ ಒಂದು ವಸತಿ ಶಾಲೆಯ ದಾಖಲೆಯಲ್ಲಿ ಅವನಿಗೆ ಹನ್ನೊಂದು ಮಂದಿ ಅಣ್ಣತಮ್ಮಂದಿರ ಮಕ್ಕಳಿದ್ದರು. ಏಳು ಹಿಂದೂ, ನಾಲ್ಕು ಮುಸಲ್ಮಾನ. ಹನ್ನೊಂದು ಅರ್ಜಿಗೂ ಒಂದೇ ಫೋಟೋ: ತಲೆಗೆ ಬಿಳಿ ಟೊಪ್ಪಿಗೆ, ಅರ್ಧ ನರೆತ ಗಡ್ಡ, ಸ್ಟುಡಿಯೋದವನು "ನಗಬ್ಯಾಡ್ರಿ" ಅಂದದ್ದಕ್ಕೆ ಸಿಟ್ಟಿಗೆದ್ದಂತೆ ಕಾಣುವ ಮುಖ. ಫೋಟೋದ ಕೆಳಗೆ 'ವಿದ್ಯಾರ್ಥಿಗೆ ಇವರ ಸಂಬಂಧ' ಎಂಬ ಗೆರೆಯ ಮೇಲೆ ಹನ್ನೊಂದು ಸಲವೂ ಒಂದೇ ಕೈಬರಹದಲ್ಲಿ 'ಕಾಕಾ' ಎಂದು ಬರೆದಿತ್ತು.

ನಗಬೇಡಿ. ಬರೆದವನು ಸುಳ್ಳುಗಾರನಲ್ಲ. ವಿಜಯಪುರದ ಜಲನಗರದ ಅಶೋಕ, ಸರಕಾರಿ ಕಚೇರಿಯ ಕಾರಕೂನ, ಒಂದು ಅರ್ಜಿಯಲ್ಲಿ ಅಲ್ಪವಿರಾಮ ತಪ್ಪಿದರೂ ಹೊಸ ಹಾಳೆ ತೆಗೆದುಕೊಳ್ಳುವ ಮನುಷ್ಯ. ಮೂರು ವರ್ಷದ ಹಿಂದೆ ಅವನ ಮಗಳು ಪೂರ್ವಾ ಪ್ರವೇಶ ಪರೀಕ್ಷೆ ಬರೆದು ಆರನೆಯ ಇಯತ್ತೆಗೆ ಆ ಶಾಲೆಯಲ್ಲಿ ಸೀಟು ಪಡೆದಾಗ, ಮಗುವನ್ನು ಕರೆದೊಯ್ಯಲು ಬರುವವರ ಹೆಸರು ಬರೆಯಿರಿ ಅಂತ ಶಾಲೆಯವರು ಒಂದು ಅರ್ಜಿ ಕಳಿಸಿದರು. ಕರೆದೊಯ್ಯುವವನು ಯಾರು? ತನ್ನ ಕ್ರೂಸರ್ ಗಾಡಿಯಲ್ಲಿ ಮಶಾಕಸಾಬ. ಪೂರ್ವಾ ಅವನಿಗೆ ಏನನ್ನುತ್ತಾಳೆ? ಕಾಕಾ. ಅಶೋಕ ಹಾಗೇ ಬರೆದ. ನಮ್ಮ ಕಡೆ ಹಾಲಿನವನೂ ಕಾಕಾ, ಕಂಡಕ್ಟರನೂ ಕಾಕಾ. ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಅಂತ ಲೆಕ್ಕ ಹಾಕಿ ಯಾರೂ ಕರೆಯುವುದಿಲ್ಲ.

ಪೂರ್ವಾಳನ್ನು ನೋಡಿ ಬಬಲೇಶ್ವರದ ಲಾಲಸಾಬ ತನ್ನ ಮೊಮ್ಮಗ ಸೊಹೇಲನನ್ನು ಪರೀಕ್ಷೆಗೆ ಕೂರಿಸಿದ. ಅವನನ್ನು ನೋಡಿ ಅರಕೇರಿಯ ಅಮೋಘಿ ತನ್ನ ಮಗಳು ಶರ್ವರಿಯನ್ನು. ಹೀಗೆ ಹನ್ನೊಂದಾಯಿತು. ಅರ್ಜಿ ತುಂಬುವುದು ಬಂದಾಗ ಎಲ್ಲರೂ ಅಶೋಕನ ಮನೆಗೇ ಬಂದರು, ಅಕ್ಷರ ದುಂಡಗಿವೆ ಅಂತ. ಅವನು ಮೊದಲನೆಯದನ್ನು ನೋಡಿ ಎರಡನೆಯದು, ಎರಡನೆಯದನ್ನು ನೋಡಿ ಮೂರನೆಯದು ತುಂಬುತ್ತಾ ಹೋದ.

ಶಾಲೆಯ ಗುಮಾಸ್ತ ಒಮ್ಮೆ ಕಡತ ತಿರುವಿ ಹಾಕುತ್ತ, "ನಿಮ್ಮದು ಎಂತ ದೊಡ್ಡ ಕುಟುಂಬ ಮಾರಾಯ್ರೆ!" ಅಂದಿದ್ದ.

"ದೊಡ್ಡದರೀ. ಟಿಕೋಟಾದಿಂದ ಹಿಡದು ಬಬಲೇಶ್ವರ ತನಕ ಐತ್ರಿ" ಅಂದಿದ್ದ ಮಶಾಕಸಾಬ. ಇಬ್ಬರೂ ನಕ್ಕು ಚಹಾ ಕುಡಿದಿದ್ದರು.

ಎರಡು ತಿಂಗಳಿಗೊಮ್ಮೆ ಆ ಶಾಲೆಯಲ್ಲಿ ಭೇಟಿಯ ದಿನ. ಬೆಳಗಿನ ಐದಕ್ಕೆ ಮಶಾಕಸಾಬ ಗಾಡಿ ತೆಗೆಯುತ್ತಿದ್ದ. ಟಿಕೋಟಾ, ಜಲನಗರ, ಬಬಲೇಶ್ವರ ಅಂತ ಒಬ್ಬೊಬ್ಬ ಪಾಲಕರನ್ನೂ ಹತ್ತಿಸಿಕೊಂಡು, ಮುಧೋಳ, ಧಾರವಾಡ, ಯಲ್ಲಾಪುರ ದಾಟಿ ಘಟ್ಟ ಇಳಿದರೆ ಮಧ್ಯಾಹ್ನ ಮೂರಕ್ಕೆ ಸಮುದ್ರ. ಬರಲಾಗದ ಪಾಲಕರ ಗಂಟುಮೂಟೆಯೂ ಅವನ ಮೇಲೆಯೇ. ರಜೆ ಬಿಟ್ಟಾಗ ಹನ್ನೊಂದೂ ಮಕ್ಕಳನ್ನು ತುಂಬಿಕೊಂಡು ಬರುವವನೂ ಅವನೇ.

ಬರುವಾಗ ಗಾಡಿಯಲ್ಲಿ ಆ ಹನ್ನೊಂದು ಬಾಯಿಗಳು ಮುಚ್ಚುತ್ತಿರಲಿಲ್ಲ. ಮಶಾಕಸಾಬ ಓದಿದ್ದು ನಾಲ್ಕನೆಯ ಇಯತ್ತೆ. ಆ ಶಾಲೆಯ ಪಾಠವನ್ನೆಲ್ಲ ಅವನು ಕಲಿತದ್ದು ಸ್ಟೇರಿಂಗ್ ಹಿಡಿದುಕೊಂಡೇ. ಐದೂವರೆಗೆ ಗಂಟೆ ಹೊಡೆಯುತ್ತದೆ. ಹುಡುಗರ ವಸತಿ ಒಂದು ಕಡೆ, ಹುಡುಗಿಯರದು ಇನ್ನೊಂದು ಕಡೆ, ನಡುವೆ ಊಟದ ಮನೆ. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಹುಡುಗ ಹುಡುಗಿ ಕೂರಬೇಕು. ಮೊದಲ ತಿಂಗಳು ಶರ್ವರಿ ನಡುವೆ ಕಂಪಾಸ್ ಪೆಟ್ಟಿಗೆ ಇಟ್ಟು ಗಡಿ ಹಾಕಿದ್ದಳಂತೆ. ಎರಡು ಹೊತ್ತೂ ದಪ್ಪ ಕೆಂಪು ಅನ್ನ. ಮೀನಿನ ಸಾರಿನ ವಾಸನೆಗೆ ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದವರು ಈಗ ವಾಸನೆಯಿಂದಲೇ ಇದು ಬಂಗುಡೆ, ಇದು ಭೂತಾಯಿ ಅನ್ನುತ್ತಾರೆ. ಉಪ್ಪುಗಾಳಿಗೆ ಪೆಟ್ಟಿಗೆಯ ಕೀಲಿ ತುಕ್ಕು ಹಿಡಿಯುತ್ತದೆ. ಬೋರ್ಡಿನ ಮೇಲೆ ದಿನಾ ಭರತ ಎಷ್ಟಕ್ಕೆ, ಇಳಿತ ಎಷ್ಟಕ್ಕೆ ಅಂತ ಬರೆಯುತ್ತಾರೆ. ಇಳಿತದ ಹೊತ್ತಿಗೆ ವಿಜ್ಞಾನದ ಮೇಡಂ ಮಕ್ಕಳನ್ನು ಬಂಡೆಗಳ ಮೇಲೆ ಕರೆದೊಯ್ದು, ಅಲ್ಲಿ ಕಚ್ಚಿಕೊಂಡ ಜೀವಗಳನ್ನು ಕೈಗೆ ಕೊಟ್ಟು ಪಾಠ ಮಾಡುತ್ತಾರೆ. ಎಂಟನೆಯ ಇಯತ್ತೆಗೆ ಬಂದವರಿಗೆ ಈಜು ಕಡ್ಡಾಯ.

"ಬೋರಿನ ನೀರು ಕುಡದು ಬೆಳೆದ ಹುಡುಗರಿಗೆ ಸಮುದ್ರದಾಗ ಈಜಾಕ ಹಚ್ಚತಾರಂದ್ರ!" ಅಂತ ಮಶಾಕಸಾಬ ಮನೆಗೆ ಹೋಗಿ ಹೆಂಡತಿ ಮುನೀರಾಗೆ ಹೇಳುತ್ತಿದ್ದ. ಹೇಳುವಾಗ ಅವನ ಎದೆ ಉಬ್ಬುತ್ತಿತ್ತು, ಇವನೇ ಈಜಿ ಬಂದ ಹಾಗೆ.

ಎಲ್ಲ ಗಂಟುಗಳಿಗಿಂತ ಜೋಪಾನದ ಗಂಟು ಅಶೋಕನ ತಾಯಿ ಸಖೂಬಾಯಿಯದು. ಪೂರ್ವಾಳ ತಾಯಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಅಂದಿನಿಂದ ಸಾಕಿದವಳು ಈ ಆಯಿ. ಅವಳ ತವರು ಘೋಣಸಗಿ. ಅಲ್ಲಿಯ ಜೋಳ ಬಿಟ್ಟು ಬೇರೆ ಜೋಳ ಮುಟ್ಟುವವಳಲ್ಲ. ಭೇಟಿಯ ದಿನದ ಹಿಂದಿನ ಎರಡು ದಿನ ಕೂತು ನಲವತ್ತು ರೊಟ್ಟಿ ಬಡಿದು, ಕಡಕ್ ಆಗುವವರೆಗೆ ಒಲೆಯ ಬದಿಗೆ ನಿಲ್ಲಿಸಿ, ದೊಡ್ಡ ತಗಡಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಪೇರಿಸುತ್ತಿದ್ದಳು. ಮೇಲೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಡಬ್ಬಿಯನ್ನು ತಾನೇ ಹೊತ್ತು ತಂದು ಗಾಡಿಯ ಮುಂದಿನ ಸೀಟಿನ ಮೇಲೆ ಇಡಬೇಕು. ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

"ಮಶಾಕಾ, ಒಂದು ರೊಟ್ಟಿ ಮುರೀತಂದ್ರ ನಿನ್ನ ಕೈ ಮುರೀತೇನಿ ನೋಡು."

"ಮುರೀ ಬೇ ಯವ್ವಾ. ಆಮ್ಯಾಲ ಗಾಡಿ ನೀನ ಹೊಡಿ."

ಒಂದು ಸಲ ಅವನು ಅವಸರದಲ್ಲಿ ಡಬ್ಬಿ ಬಿಟ್ಟು ಗಾಡಿ ಬಿಟ್ಟ. ಸಖೂಬಾಯಿ ಬರಿಗಾಲಲ್ಲಿ ಓಡಿ ಬಂದು ಮುಖ್ಯ ರಸ್ತೆಯ ಕೂಡಿನಲ್ಲಿ ಅಡ್ಡ ನಿಂತಿದ್ದಳು. ಆಟೋದವರೆಲ್ಲ ನಿಂತು ನೋಡಿದ್ದರು. ಈ ಕಥೆ ಪೂರ್ವಾಳಿಗೂ ಗೊತ್ತು. ಶಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿದ್ದಳು.

ಆದರೆ ಸಖೂಬಾಯಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಮೊದಲನೆಯ ವರ್ಷವೇ ಪೂರ್ವಾ ಖಾಲಿ ಡಬ್ಬಿ ವಾಪಸು ಕೊಡುತ್ತ ಮಶಾಕಸಾಬನ ಕಿವಿಯಲ್ಲಿ ಹೇಳಿದ್ದಳು:

"ಕಾಕಾ, ಇಲ್ಲಿ ಗಾಳಿಗೆ ರೊಟ್ಟಿ ಮೂರನೇ ದಿನಕ್ಕ ಮೆತ್ತಗಾಗಿ ಅರಿವೀಗತೆ ಆಗ್ತಾವ. ಆಮ್ಯಾಲ ಬೂಷ್ಟು ಬರತೈತಿ. ಆಯಿಗೆ ಹೇಳಬ್ಯಾಡ. ಹೇಳಿದ್ರ ಆಕಿ ಇನ್ನೂ ಎರಡು ದಿನ ಒಲಿ ಮುಂದ ಕುಂಡ್ರತಾಳ."

ಮಶಾಕಸಾಬ ಹೇಳಲಿಲ್ಲ. ಪ್ರತಿ ಸಲವೂ ಡಬ್ಬಿ ತಂದು ಸಖೂಬಾಯಿಯ ಮುಂದೆ ಬಡಿದು, "ಎಲ್ಲಾ ತಿಂದಾಳ. ಕಡಕ್ ಇದ್ದುವಂತ" ಅನ್ನುತ್ತಿದ್ದ. ಅವಳು ಡಬ್ಬಿಯನ್ನು ಬೆರಳಿನಿಂದ ಬಾರಿಸಿ, ಖಾಲಿ ಸದ್ದು ಕೇಳಿ, ಸಮಾಧಾನದಿಂದ ಒಳಗೆ ಹೋಗುತ್ತಿದ್ದಳು.

ಈ ವರ್ಷ ಶಾಲೆಗೆ ಹೊಸ ಪ್ರಾಂಶುಪಾಲೆ ಬಂದರು. ಎಲ್ಲ ಪಾಲಕರ ಮೊಬೈಲಿಗೆ ಒಂದು ಸೂಚನೆ ಬಂತು: ಮಕ್ಕಳನ್ನು ಕರೆದೊಯ್ಯುವವರು ಸಂಬಂಧದ ಪುರಾವೆ ಕೊಡಬೇಕು, ಕೊಡದವರ ಹೆಸರು ಪಟ್ಟಿಯಿಂದ ತೆಗೆಯಲಾಗುವುದು. ಅಶೋಕ ಅದನ್ನು ಓದಿ ಮಶಾಕಸಾಬನಿಗೆ ತೋರಿಸಿದ.

"ಮುಂದಿನ ಭೇಟಿ ದಿನ ಹೋಗತೇವಲ್ರಿ ಸರ, ಆವಾಗ ಮಾತಾಡೋಣ ಬಿಡ್ರಿ. ಮೂರು ವರ್ಷ ಆತು, ನನ್ನ ಮುಖ ಗೊತ್ತಿಲ್ಲೇನು ಅವರಿಗೆ?" ಅಂದ ಮಶಾಕಸಾಬ. ಅಶೋಕನೂ ಹೌದೆಂದ. ಭೇಟಿಯ ದಿನಕ್ಕೆ ಇನ್ನೂ ಹದಿನೈದು ದಿನವಿತ್ತು.

ಆ ಹದಿನೈದು ದಿನದೊಳಗೇ ಒಂದು ಬುಧವಾರ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಸಖೂಬಾಯಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ದವಾಖಾನೆಗೆ ಒಯ್ದರು. ಡಾಕ್ಟರು ಅಶೋಕನನ್ನು ಹೊರಗೆ ಕರೆದು, ನೋಡಬೇಕಾದವರು ಇದ್ದರೆ ಬೇಗ ಕರೆಸಿ ಅಂದರು. ಸಖೂಬಾಯಿಯ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, ಅದೂ ಅರ್ಧ: "ಪೂರ್... ಪೂರ್..."

ಅಶೋಕ ಫೋನ್ ಮಾಡಿದ. "ಮಶಾಕಭಾಯಿ, ನಾ ಇಲ್ಲಿಂದ ಅಳ್ಳಾಡಂಗಿಲ್ಲರಿ. ಯಾವ ಹೊತ್ತಿನಾಗ ಯಾವ ಸಹಿ ಕೇಳ್ತಾರೋ. ನೀವ ಹೋಗಿ ಕೂಸಿನ್ನ ಕರಕೊಂಡು ಬರ್ರಿ. ಆಕಿಗೆ ದಾರಿಯೊಳಗ ಏನೂ ಹೇಳಬ್ಯಾಡ್ರಿ."

ಮಶಾಕಸಾಬನಿಗೆ ಅಂದು ಮದುವೆಯ ಬಾಡಿಗೆ ಇತ್ತು. ಇನ್ನೊಬ್ಬನ ಗಾಡಿ ಗೊತ್ತು ಮಾಡಿ ಕೊಟ್ಟು, ಮುನೀರಾ ಕಟ್ಟಿದ ಬುತ್ತಿ ತೆಗೆದುಕೊಂಡು, ಹತ್ತಕ್ಕೆ ಹೊರಟ. ಮುಂದಿನ ಸೀಟು ಖಾಲಿ. ಬರುವಾಗ ಪೂರ್ವಾ ಅಲ್ಲಿ ಕೂರುತ್ತಾಳೆ, ಏನು ಮಾತಾಡಿಸಲಿ, ಹೇಗೆ ಮಾತಾಡಿಸಲಿ ಅಂತ ಯೋಚಿಸುತ್ತಲೇ ಘಟ್ಟ ಇಳಿದ.

ಗೇಟಿಗೆ ಮುಟ್ಟಿದಾಗ ಸಂಜೆ ಏಳು. ಕಾವಲುಗಾರ ಪಟ್ಟಿ ನೋಡಿ, "ನಿಮ್ಮ ಹೆಸರು ತೆಗೆದಿದ್ದಾರೆ. ಆಫೀಸು ಮುಚ್ಚಿದೆ. ಪ್ರಿನ್ಸಿಪಾಲರು ನಾಳೆ ಹತ್ತಕ್ಕೆ ಬರುತ್ತಾರೆ" ಅಂದ. ಮಶಾಕಸಾಬ ಕೈಮುಗಿದ, ಫೋನಿನಲ್ಲಿ ಅಶೋಕನನ್ನು ಮಾತಾಡಿಸಿದ, ಗುಮಾಸ್ತನ ಹೆಸರು ಹೇಳಿದ. ಕಾವಲುಗಾರ ಬೈಯಲಿಲ್ಲ, ಗದರಲಿಲ್ಲ, ಗೇಟನ್ನೂ ತೆಗೆಯಲಿಲ್ಲ. ಆ ರಾತ್ರಿ ಮಶಾಕಸಾಬ ಗಾಡಿಯಲ್ಲೇ ಮಲಗಿದ.

ಬೆಳಿಗ್ಗೆ ಮೊದಲು ಅಶೋಕನಿಗೆ ಫೋನ್ ಮಾಡಿದ. "ಆಯಿ ಹೆಂಗದಾಳ್ರಿ?"

"ಅದಾಳ" ಅಂದ ಅಶೋಕ.

ಪ್ರಾಂಶುಪಾಲೆಯ ಮೇಜಿನ ಮೇಲೆ ಹನ್ನೊಂದೂ ಅರ್ಜಿಗಳಿದ್ದವು. ತನ್ನ ಮುಖವನ್ನು ಒಂದೇ ಸಲ ಹನ್ನೊಂದು ಕಡೆ ನೋಡಿ ಮಶಾಕಸಾಬನಿಗೆ ಯಾಕೋ ನಾಚಿಕೆಯಾಯಿತು. ಬದಿಗೆ ನಿಂತ ಗುಮಾಸ್ತ ಕಣ್ಣು ಮೇಲೆತ್ತಲಿಲ್ಲ. ಪ್ರಾಂಶುಪಾಲೆ ಐವತ್ತರ ಹೆಂಗಸು, ಮೆಲ್ಲನೆ ಮಾತು. ಅವನನ್ನು ಕೂರಿಸಿ, ನೀರು ಕೊಡಿಸಿ, ಕೇಳಿದರು.

"ಇವರೆಲ್ಲ ನಿಮ್ಮ ಅಣ್ಣತಮ್ಮಂದಿರ ಮಕ್ಕಳೇ?"

"ಅಂದ್ರ... ಕಾಕಾ ಅಂತಾವ್ರಿ ಮೇಡಂ. ಎಲ್ಲಾ ಅಂತಾವ."

"ಪೂರ್ವಾಳ ತಂದೆಯ ಹೆಸರು ಅಶೋಕ. ನಿಮ್ಮ ಹೆಸರು ಮಶಾಕಸಾಬ. ನೀವು ಹೇಗೆ ಅವಳ ಚಿಕ್ಕಪ್ಪ?"

ಐವತ್ತಾರು ವರ್ಷದಲ್ಲಿ ಅವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಪೂರ್ವಾಳ ತಾಯಿಯನ್ನು ಕೊನೆಯ ಸಲ ದವಾಖಾನೆಗೆ ಒಯ್ದದ್ದು ಅವನ ಗಾಡಿ. ಅಂದು ಮೂರು ವರ್ಷದ ಮಗು ಮಲಗಿದ್ದು ಮುನೀರಾಳ ಮಡಿಲಲ್ಲಿ. ಪ್ರತಿ ರಮಜಾನಿಗೆ ಸಖೂಬಾಯಿ ಅವನ ಮನೆಗೆ ಶ್ಯಾವಿಗೆ ಹೊಸೆದು ಕಳಿಸುತ್ತಾಳೆ. ಇವೆಲ್ಲ ಬಾಯಿಯ ತುದಿಗೆ ಬಂದವು, ಆದರೆ ಇವುಗಳಲ್ಲಿ ಯಾವುದಕ್ಕೆ ಝೆರಾಕ್ಸ್ ಪ್ರತಿ ಇದೆ? ಅವನು ಟೊಪ್ಪಿಗೆ ಸರಿಮಾಡಿಕೊಂಡ.

ಅಶೋಕನಿಗೆ ಫೋನ್ ಹಚ್ಚಿದರು. ಅಶೋಕ ಅತ್ತುಬಿಟ್ಟ. "ತಪ್ಪು ನಂದ್ರಿ ಮೇಡಂ, ನಾನ ಬರದೇನ್ರಿ. ಅವ್ವ ಉಳಿಯಂಗಿಲ್ಲ ಅಂತಾರ್ರಿ. ಅವರ ಕೂಡ ಕಳಸ್ರಿ, ಕೈಮುಗೀತೇನಿ."

ಪ್ರಾಂಶುಪಾಲೆ ಮೇಜಿನ ಮೇಲಿನ ಅರ್ಜಿಗಳನ್ನು ಒಟ್ಟುಮಾಡುತ್ತ ಹೇಳಿದರು. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹದಿಮೂರು ವರ್ಷದ ಹುಡುಗಿ. ದಾಖಲೆಯಲ್ಲಿ ಹನ್ನೊಂದು ಕಡೆ ತಪ್ಪು ಬರೆದಿದೆ. ಇನ್ನು ಫೋನಿನಲ್ಲಿ ಹೇಳಿದ್ದನ್ನು ನಾನು ಯಾವ ಧೈರ್ಯದ ಮೇಲೆ ನಂಬಲಿ? ನೀವು ಡ್ರೈವರ್ ಅಂತ ಬರೆದಿದ್ದರೆ ಏನೂ ತೊಂದರೆ ಇರಲಿಲ್ಲ. ಡ್ರೈವರುಗಳಿಗೆ ನಮ್ಮಲ್ಲಿ ಬೇರೆ ಅರ್ಜಿ ಇದೆ. ಲೈಸೆನ್ಸು, ಗಾಡಿ ನಂಬರು, ಪೊಲೀಸ್ ಠಾಣೆಯ ಪತ್ರ ಕೊಟ್ಟರೆ ಸಾಕು. ಆಗ ನಾನೇ ಒಬ್ಬ ಮೇಡಂ ಅವರನ್ನು ಜೊತೆಗೆ ಕೂರಿಸಿ ನಿನ್ನೆ ಸಂಜೆಯೇ ಕಳಿಸಿಬಿಡಲು ಹೇಳುತ್ತಿದ್ದೆ."

ಮಶಾಕಸಾಬ ಎದ್ದು ನಿಂತ. "ಈಗ ಬರೀರಿ ಮೇಡಂ. ಡ್ರೈವರ್ ಅಂತನ ಬರೀರಿ. ಲಾಸೆನ್ ಕಿಸೇದಾಗ ಐತ್ರಿ. ನಾ ಡ್ರೈವರ್ರ ಅದೀನ್ರಿ, ಮತ್ತ್ಯಾರೂ ಅಲ್ರಿ."

"ಠಾಣೆಯಿಂದ ಪತ್ರ ಬರಲು ಮೂರು ದಿನ ಬೇಕು" ಅಂದರು ಅವರು. ನಾಳೆ ನಸುಕಿನ ಮೊದಲ ಬಸ್ಸಿಗೆ ಒಬ್ಬ ಮೇಡಂ ಜೊತೆ ಪೂರ್ವಾಳನ್ನು ಕಳಿಸುವುದಾಗಿ ಹೇಳಿದರು. ಇಂದು ಪರೀಕ್ಷೆ ನಡೆದಿತ್ತು, ಮೇಡಂಗಳಲ್ಲಿ ಯಾರನ್ನೂ ಬಿಡುವ ಹಾಗಿರಲಿಲ್ಲ.

ಏನು ಮಾಡುತ್ತೀರಿ? ಸಿಟ್ಟು ಮಾಡಲು ಒಬ್ಬ ಕೆಟ್ಟ ಮನುಷ್ಯನಾದರೂ ಬೇಕಲ್ಲ! ಆ ಕೋಣೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಹೆತ್ತ ಮಗಳನ್ನು ದೂರ ಇಟ್ಟಿದ್ದರೆ ತಾನೂ ಹೀಗೆಯೇ ಕಾಯುವವರನ್ನು ಹುಡುಕುತ್ತಿದ್ದೆ ಅಂತ ಮಶಾಕಸಾಬನಿಗೆ ಅನಿಸಿತು. ಅನಿಸಿದ್ದರಿಂದ ಇನ್ನೂ ಹೆಚ್ಚು ಸಂಕಟವಾಯಿತು. ಒಬ್ಬ ಹಲ್ಕಟ್ ಮನುಷ್ಯ ಎದುರಿಗಿದ್ದರೆ ಎರಡು ಮಾತು ಬೈದಾದರೂ ಹಗುರಾಗುತ್ತಿದ್ದ.

ಹದಿನೈದು ನಿಮಿಷ ಪೂರ್ವಾಳನ್ನು ನೋಡಲು ಬಿಟ್ಟರು. ಭೇಟಿಯ ಕೋಣೆ, ನಡುವೆ ಮೇಜು, ಮೂಲೆಯಲ್ಲಿ ವಸತಿಯ ಮೇಡಂ. ಅಜ್ಜಿಯ ಸಂಗತಿ ಸಂಜೆ ತಾವೇ ಸಮಾಧಾನದಿಂದ ಹೇಳುತ್ತೇವೆ, ನೀವು ಹೇಳಬೇಡಿ ಅಂತ ಮೊದಲೇ ಅವನಿಗೆ ಹೇಳಿದ್ದರು.

ಪೂರ್ವಾ ಓಡುತ್ತಲೇ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಎತ್ತರವಾಗಿದ್ದಳು. "ಎಂತ ಕಾಕಾ, ಇವತ್ತ್ಯಾಕ ಬಂದಿ? ಭೇಟಿ ದಿನ ಅಲ್ಲಲ?"

"ಈ ಕಡೆ ಒಂದು ಬಾಡಿಗಿ ಬಂದಿತ್ತವ್ವ. ನೋಡಿ ಹೋಗೋಣು ಅಂತ ಬಂದೆ."

ಅವಳು ಅವನ ಎರಡೂ ಕೈ ನೋಡಿದಳು, ಕುರ್ಚಿಯ ಬದಿ ನೋಡಿದಳು. "ಡಬ್ಬಿ?"

"ಗಡಿಬಿಡಿಯಾಗ ಬಿಟ್ಟ ಬಂದೆ."

"ಆಯಿ ಬಿಟ್ಟು ಬರಾಕ ಕೊಡೂದಿಲ್ಲಲ" ಅಂದಳು ಪೂರ್ವಾ. ನಕ್ಕೇ ಅಂದಳು, ಆದರೆ ಆಮೇಲೆ ನಗು ಅಲ್ಲೇ ನಿಂತಿತು.

ಮಶಾಕಸಾಬ ಗೋಡೆಯ ಬೋರ್ಡು ನೋಡಿದ. ಭರತ ಹನ್ನೊಂದು ಹತ್ತಕ್ಕೆ ಅಂತ ಬರೆದಿತ್ತು. ಈಜು ಎಲ್ಲಿಗೆ ಬಂತು ಅಂತ ಕೇಳಿದ. ಅವಳು ಹೇಳತೊಡಗಿದಳು. ದಂಡೆಯಿಂದ ಹಗ್ಗ ಕಟ್ಟಿದ ಪೀಪಾಯಿ ತನಕ ಹೋಗಿ ಬಂದಳಂತೆ, ಎರಡು ಸಲ. ತೆರೆ ಬಂದಾಗ ಎದುರು ನಿಲ್ಲಬಾರದಂತೆ, ತಲೆ ತಗ್ಗಿಸಿ ಕೆಳಗಿನಿಂದ ಹಾಯಬೇಕಂತೆ. ಸೊಹೇಲ ಮಾತ್ರ ಇನ್ನೂ ಸೊಂಟದ ನೀರಿನಲ್ಲೇ ಇದ್ದಾನಂತೆ. "ಆಯಿಗೆ ಈಗ ಹೇಳಬ್ಯಾಡ. ರಜಾಕ್ಕ ಬಂದಾಗ ನಾನ ಹೇಳ್ತೀನಿ. ಬೈತಾಳ, ಆಮ್ಯಾಲ ಓಣಿಗೆಲ್ಲಾ ಹೇಳಕೋತ ಅಡ್ಡಾಡ್ತಾಳ."

"ಹೂಂ" ಅಂದ ಮಶಾಕಸಾಬ.

ಅವಳು ಹೋಗಿ ಹಿಂದಿನ ಸಲದ ಖಾಲಿ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಳು. ಒಳಗಿನ ಬಟ್ಟೆಯನ್ನು ಒಗೆದು ಮಡಿಚಿ ಇಟ್ಟಿದ್ದಳು. "ಕಡಕ್ ಇದ್ದುವು ಅಂತ ಹೇಳು." ಆಮೇಲೆ ಡಬ್ಬಿಯ ಮೇಲಿಂದ ಕೈ ತೆಗೆಯದೆ ನೆಟ್ಟಗೆ ಅವನನ್ನೇ ನೋಡಿ ಕೇಳಿದಳು. "ಕಾಕಾ, ಆಯಿ ಆರಾಮ ಅದಾಳಲ್ಲ?"

ಮೂಲೆಯ ಮೇಡಂ ತಲೆ ಎತ್ತಿದರು. ಮೂರು ವರ್ಷದಿಂದ ರೊಟ್ಟಿಯ ವಿಷಯದಲ್ಲಿ ಇವಳ ಪರವಾಗಿ ಸುಳ್ಳು ಹೇಳಿದ ಬಾಯಿ, ಈಗ ಇವಳಿಗೇ ಹೇಳಬೇಕಾಯಿತು.

"ಆರಾಮ ಅದಾಳವ್ವ."

ಬರುವಾಗ ಡಬ್ಬಿ ಮುಂದಿನ ಸೀಟಿನಲ್ಲಿತ್ತು. ಹುಡುಗಿ ಕೂರಬೇಕಾದ ಜಾಗದಲ್ಲಿ ತಗಡಿನ ಡಬ್ಬಿ. ಘಟ್ಟದ ತಿರುವುಗಳಲ್ಲಿ ಅದು ಜಾರಿದಾಗೆಲ್ಲ ಎಡಗೈಯಿಂದ ಹಿಡಿಯುತ್ತಿದ್ದ, ಒಳಗೆ ಏನೂ ಇಲ್ಲ, ಮುರಿಯುವುದಿಲ್ಲ ಅಂತ ಗೊತ್ತಿದ್ದೂ. ಧಾರವಾಡ ದಾಟಿದ ಮೇಲೆ ಒಂದು ಕಡೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಟಾಯರು ನೋಡುವವನ ಹಾಗೆ ಕೂತು ಅತ್ತ.

ದವಾಖಾನೆಗೆ ಬಂದಾಗ ಎಂಟೂವರೆ. ಅಶೋಕ ಬಾಗಿಲಲ್ಲೇ ನಿಂತಿದ್ದ, ದಾರಿ ಬಿಟ್ಟು ಜೊತೆಗೆ ಒಳಗೆ ಬಂದ. ಸಖೂಬಾಯಿಯ ಕಣ್ಣು ತೆರೆದಿದ್ದವು. ಮಶಾಕಸಾಬ ಡಬ್ಬಿಯನ್ನು ಅವಳ ಎಡಗೈಯ ಬದಿಗೆ ಹಾಸಿಗೆಯ ಮೇಲೆ ಇಟ್ಟ.

"ಎಲ್ಲಾ ತಿಂದಾಳ ಬೇ ಯವ್ವಾ. ಕಡಕ್ ಇದ್ದುವಂತ."

ಸಖೂಬಾಯಿಯ ಎಡಗೈ ಬೆರಳು ಡಬ್ಬಿಯನ್ನು ಮುಟ್ಟಿದವು. ಬಾರಿಸಲಿಲ್ಲ. ಅವಳು ಡಬ್ಬಿಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಅವನ ಹೆಗಲಿನಾಚೆ ಬಾಗಿಲನ್ನು ನೋಡುತ್ತಿದ್ದಳು, ಅವನ ಹಿಂದೆ ಇನ್ನೊಬ್ಬರು ಬರುವುದಿದೆ ಅಂತ. ಮಶಾಕಸಾಬ ಸ್ವಲ್ಪ ಬದಿಗೆ ಸರಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಬೆಳಗಾಗುವ ಮೊದಲೇ ಅವಳು ಹೋದಳು. ಮೊಮ್ಮಗಳು ಬರುವ ತನಕ ಇಡೋಣ ಅಂದ ಅಶೋಕ. ಘೋಣಸಗಿಯಿಂದ ಬಂದ ಹಿರಿಯರು ಮಧ್ಯಾಹ್ನದ ತನಕ ತಡೆದರು. ಬಸ್ಸು ಎಲ್ಲಿದೆ, ಎಲ್ಲಿದೆ ಅಂತ ಹತ್ತು ಸಲ ಫೋನಾಯಿತು. ಲೋಕಾಪುರದ ಹತ್ತಿರ ಇದೆ ಅಂದಾಗ ಹಿರಿಯರು ಎದ್ದರು, ಹೊತ್ತು ಮುಳುಗುವುದರೊಳಗೆ ಆಗಬೇಕು. ಐದಕ್ಕೆ ಮಣ್ಣಾಯಿತು. ಬಸ್ಸು ವಿಜಯಪುರಕ್ಕೆ ಬಂದದ್ದು ಆರೂ ಕಾಲಿಗೆ.

ನಿಲ್ದಾಣಕ್ಕೆ ಅಶೋಕನನ್ನು ಮಶಾಕಸಾಬನೇ ಕರೆದೊಯ್ದ. ಜೊತೆಗೆ ಬಂದ ಮೇಡಂ ಅಶೋಕನ ಆಧಾರ್ ಕಾರ್ಡು ನೋಡಿದರು, ಕಾಗದದ ಮೇಲೆ ಸಹಿ ತೆಗೆದುಕೊಂಡರು, "ಕ್ಷಮಿಸಿ" ಅಂದರು. ಪೂರ್ವಾ ತಂದೆಯ ಹಣೆಯ ವಿಭೂತಿ ನೋಡಿದಳು, ಅಂಗಿಯ ತೋಳಿನ ಹಸಿ ಮಣ್ಣು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳು ಅಳಲೂ ಇಲ್ಲ. ಮಶಾಕಸಾಬನ ಕಡೆ ತಿರುಗಿ ಒಂದೇ ಮಾತು ಅಂದಳು.

"ನೀ ಆರಾಮ ಅದಾಳ ಅಂದಿದ್ದಿ."

ಅಂದು ಅವಳು ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ, ಮೇಡಂ ಪಕ್ಕದಲ್ಲಿ ಕೂತಳು.

ದಿನಕರ್ಮಗಳು ಮುಗಿದ ಮೇಲೆ ಒಂದು ಸಂಜೆ ಅ‍ಶೋಕ ಹೊಸ ಅರ್ಜಿಗಳನ್ನು ಹರವಿಕೊಂಡು ಕೂತ. ಮಶಾಕಸಾಬ ಲೈಸೆನ್ಸಿನ ಪ್ರತಿ, ಟಿಕೋಟಾ ಠಾಣೆಯ ಪತ್ರ, ಹನ್ನೊಂದು ಫೋಟೋ ತಂದಿದ್ದ. ಅದೇ ಹಳೆಯ ಫೋಟೋ. ಅಶೋಕ ಹೆಸರು ಬರೆದ, ಊರು ಬರೆದ, ಸಂಬಂಧದ ಗೆರೆಗೆ ಬಂದು ಪೆನ್ನು ನಿಲ್ಲಿಸಿದ.

"ಏನ್ ಬರೀಲಿ ಮಶಾಕಭಾಯಿ? ಕೈ ಬರವಲ್ದು."

ಮಶಾಕಸಾಬ ಉತ್ತರ ಕೊಡುವುದರೊಳಗೆ ಒಳಗಿನ ಬಾಗಿಲಲ್ಲಿ ನಿಂತಿದ್ದ ಪೂರ್ವಾ ಹೇಳಿದಳು. "ಡ್ರೈವರ್ ಅಂತ ಬರೀರಿ ಪಪ್ಪಾ. ಹಂಗ ಬರದ್ರ ಬಿಡ್ತಾರಂತ." ಸಿಟ್ಟಿನಿಂದ ಹೇಳಲಿಲ್ಲ. ಪರೀಕ್ಷೆಯಲ್ಲಿ ತಪ್ಪಿದ ಉತ್ತರವನ್ನು ಆಮೇಲೆ ಸರಿಯಾಗಿ ಹೇಳುವವರ ಹಾಗೆ ಹೇಳಿ ಒಳಗೆ ಹೋದಳು.

ಅಶೋಕ ಬರೆದ. ಹನ್ನೊಂದು ಸಲ ಬರೆದ, ದುಂಡಗೆ. ಕೆಳಗೆ ಮಶಾಕಸಾಬ ಹನ್ನೊಂದು ಸಲ ಸಹಿ ಮಾಡಿದ.

ಅವಳನ್ನು ಬಿಟ್ಟು ಬರಲು ಹೋದ ದಿನ ಡಬ್ಬಿಯಲ್ಲಿ ಮುನೀರಾ ಬಡಿದ ನಲವತ್ತು ರೊಟ್ಟಿಗಳಿದ್ದವು. ಅಶೋಕ ಮುಂದೆ ಕೂತಿದ್ದ, ಪೂರ್ವಾ ಹಿಂದೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಘಟ್ಟ ಇಳಿಯುವಾಗ ಒಮ್ಮೆ ಅವಳು ತನ್ನಷ್ಟಕ್ಕೆ, "ಮೆತ್ತಗಾಗತಾವ ಅಂತ ಆಯಿಗೆ ಹೇಳೇ ಇಲ್ಲ" ಅಂದಳು. ಅಶೋಕನಿಗೆ ಅದು ಏನಂತ ತಿಳಿಯಲಿಲ್ಲ. ತಿಳಿದವನು ರಸ್ತೆ ನೋಡುತ್ತಿದ್ದ.

ಗೇಟಿನಲ್ಲಿ ಹೊಸ ಕಾವಲುಗಾರನಿದ್ದ. ಅಶೋಕನ ಕಾರ್ಡು ನೋಡಿ, "ತಂದೆ, ಸರಿ" ಅಂದ. ಆಮೇಲೆ ಬಗ್ಗಿ ಸ್ಟೇರಿಂಗಿನ ಕಡೆ ನೋಡಿದ. "ಇವರು ಯಾರು?"

ಅಶೋಕ ಬಾಯಿ ತೆರೆದ. ಹಳೆಯ ಮಾತೇ ಅವನ ನಾಲಗೆಗೆ ಬಂದಿತ್ತು, ಮಶಾಕಸಾಬನಿಗೆ ಕಾಣಿಸಿತು. ಅದು ಹೊರಗೆ ಬೀಳುವ ಮೊದಲೇ ಹಿಂದಿನಿಂದ ಪೂರ್ವಾ ಗಟ್ಟಿಯಾಗಿ ಹೇಳಿದಳು.

"ಡ್ರೈವರ್."

ಕಾವಲುಗಾರ ಪಟ್ಟಿಯಲ್ಲಿ ಬೆರಳಾಡಿಸಿ, ತಲೆಯಾಡಿಸಿ, ಗೇಟು ತೆಗೆದ. ಮಶಾಕಸಾಬ ಗಾಡಿ ಒಳಗೆ ತಂದು, ಅಂಗಳದಲ್ಲಿ ನಿಲ್ಲಿಸಿ, ಇಳಿದು ಹಿಂದಿನ ಬಾಗಿಲು ತೆರೆದು ಡಬ್ಬಿಗೆ ಕೈ ಚಾಚಿದ. ಪೂರ್ವಾ ಕೊಡಲಿಲ್ಲ, ತಾನೇ ಹೊತ್ತುಕೊಂಡಳು. ಕಾವಲುಗಾರ ಇನ್ನೂ ಅಲ್ಲೇ ನಿಂತು ನೋಡುತ್ತಿದ್ದ.

"ಬರ್ತೇನಿ" ಅಂದಳು. ಯಾವಾಗಲೂ ಅದರ ಬೆನ್ನಿಗೆ ಬರುವ ಎರಡಕ್ಷರಕ್ಕೆ ಬಾಯಿ ತೆರೆದಳು, ಕಾವಲುಗಾರನ ಕಡೆ ನೋಡಿದಳು, ಅನ್ನದೆ ಹೋದಳು.